ಸತ್ತ ಮೂಳೆ ಕುಸಿಯುವುದು ಯಾವಾಗ?

ಮೂಳೆಯೂ ಸಾಯುತ್ತದೆ. ಮನುಷ್ಯ ಬದುಕಿರುವಾಗಲೇ, ಬಸ್ಸು ಹತ್ತಿ ಇಳಿಯುತ್ತ, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ಸುತ್ತುತ್ತ ಇರುವಾಗಲೇ ಅವನ ಸೊಂಟದ ಕೀಲಿನೊಳಗೆ ಮೂಳೆಯ ಒಂದು ಭಾಗ ಸತ್ತು ಹೋಗಿರಬಹುದು. ಅವನಿಗೆ ಗೊತ್ತೇ ಇರುವುದಿಲ್ಲ. ಬಾವಿಲ್ಲ, ಜ್ವರವಿಲ್ಲ, ಎಷ್ಟೋ ಸಲ ನೋವೂ ಇಲ್ಲ. ಎಕ್ಸ್‌ರೇ ತೆಗೆಸಿದರೆ ಅದರಲ್ಲೂ ಏನೂ ಕಾಣುವುದಿಲ್ಲ. ಸತ್ತ ಮೂಳೆ ತನ್ನ ಮೇಲೆ ಬಿದ್ದ ಮೈಭಾರವನ್ನೆಲ್ಲ ಮೊದಲಿನ ಹಾಗೆಯೇ ಹೊತ್ತು ನಿಂತಿರುತ್ತದೆ! ವಾರಗಟ್ಟಲೆ, ತಿಂಗಳುಗಟ್ಟಲೆ. ಅದು ಕುಸಿಯಲು ದಾರಿಯಾಗುವುದು ಯಾವಾಗ ಗೊತ್ತೇ? ದೇಹ ಅದನ್ನು ದುರಸ್ತಿ ಮಾಡಲು ಕೈಹಾಕಿದಾಗ.

ಸಾವು ಕೆಡವಲಾರದ್ದನ್ನು ದುರಸ್ತಿ ಕೆಡವುತ್ತದೆ. ವೈದ್ಯಶಾಸ್ತ್ರದಲ್ಲಿ ನಾನು ಓದಿ ತಿಳಿದ ಸಂಗತಿಗಳಲ್ಲಿ ಇಷ್ಟು ಬೆರಗು ಹುಟ್ಟಿಸಿದ್ದು ಇನ್ನೊಂದಿಲ್ಲ. ಇದನ್ನು ಬಿಡಿಸಿಕೊಳ್ಳಲು ವೈದ್ಯರಿಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ನದಿಯ ಅಡಿಯಲ್ಲಿ ಸುರಂಗ ಕೊರೆದ ಕೂಲಿಕಾರರು, ಸ್ಪೇನ್ ಬಿಟ್ಟು ಓಡಿಬಂದ ಒಬ್ಬ ಶಸ್ತ್ರವೈದ್ಯ, ಎಂಟು ಕೋಟಿ ವರ್ಷಗಳ ಹಿಂದೆ ಸತ್ತ ಕಡಲ ಹಲ್ಲಿಗಳು, ನಮ್ಮ ಮಣಿಪಾಲದ ಮಕ್ಕಳು ಎಲ್ಲರೂ ಈ ಕಥೆಯಲ್ಲಿ ಬರುತ್ತಾರೆ.

ಮೊದಲು ಮೂಳೆಯನ್ನೇ ನೋಡೋಣ. ಬಿಳಿಯ, ಒಣಗಿದ, ಗಟ್ಟಿಯಾದ ವಸ್ತು ಎಂದು ನಾವು ಅಂದುಕೊಂಡಿರುವುದು ಸತ್ತವರ ಮೂಳೆಯನ್ನು ನೋಡಿ. ಬದುಕಿರುವವರ ಮೂಳೆ ಹಸಿಯಾಗಿರುತ್ತದೆ, ಅದರೊಳಗೆ ರಕ್ತ ಹರಿಯುತ್ತಿರುತ್ತದೆ. ಮೂಳೆಯ ಗಟ್ಟಿ ಭಾಗದೊಳಗೆ, ಕಣ್ಣಿಗೆ ಕಾಣದಷ್ಟು ಸಣ್ಣ ಗೂಡುಗಳಲ್ಲಿ, ಆಸ್ಟಿಯೋಸೈಟ್ ಎಂಬ ಜೀವಕೋಶಗಳು ವಾಸವಾಗಿವೆ. ಒಬ್ಬ ವಯಸ್ಕ ಮನುಷ್ಯನ ಅಸ್ಥಿಪಂಜರದಲ್ಲಿ ಇವು ಸುಮಾರು 4,200 ಕೋಟಿ ಇವೆಯೆಂದು ಅಂದಾಜು. ಒಂದೊಂದು ಕೋಶವೂ ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ಕಾಲುವೆಗಳ ಮೂಲಕ ಹತ್ತಾರು ನೆರೆಯವರತ್ತ ಕೈ ಚಾಚಿರುತ್ತದೆ. ನಾವು ಒಂದು ಹೆಜ್ಜೆ ಇಟ್ಟರೆ ಆ ಒತ್ತಡ ಇವುಗಳಿಗೆ ತಿಳಿಯುತ್ತದೆ. ಎಲ್ಲಿ ಮೂಳೆ ಸವೆದಿದೆ, ಎಲ್ಲಿ ಹೊಸದು ಬೇಕು ಎಂದು ಸುದ್ದಿ ಕಳಿಸುವವು ಇವೇ. ಇಷ್ಟು ಜನ ತುಂಬಿದ ಊರಿಗೆ ಅನ್ನ, ಗಾಳಿ ಎರಡೂ ಬರುವುದು ರಕ್ತದಿಂದ ಮಾತ್ರ.

ಈಗ ಸೊಂಟದ ಕೀಲಿಗೆ ಬರೋಣ. ತೊಡೆಮೂಳೆಯ ಮೇಲ್ತುದಿಯಲ್ಲಿ ಸುಮಾರು 5 ಸೆಂಟಿಮೀಟರ್ ಅಗಲದ ಗುಂಡೊಂದಿದೆ. ಅದು ಸೊಂಟದ ಬಟ್ಟಲೊಳಗೆ ಕೂತು ತಿರುಗುತ್ತದೆ. ಗುಂಡಿಗೂ ತೊಡೆಮೂಳೆಗೂ ನಡುವೆ ಓರೆಯಾದ ಕತ್ತು. ಗುಂಡಿನ ಮೈಗೆಲ್ಲ ನುಣುಪಾದ ಮೃದ್ವಸ್ಥಿಯ ಹೊದಿಕೆ. ಆ ಹೊದಿಕೆಯ ಮೂಲಕ ರಕ್ತನಾಳ ನುಗ್ಗುವಂತಿಲ್ಲ, ನುಗ್ಗಿದರೆ ಕೀಲು ಜಾರುವುದಿಲ್ಲ. ಹಾಗಾದರೆ ರಕ್ತ ಬರುವುದು ಎಲ್ಲಿಂದ? ತೊಡೆಯ ಒಳಭಾಗದಿಂದ ಹೊರಟ ಒಂದು ಸಣ್ಣ ಅಪಧಮನಿ ಕತ್ತಿನ ಹಿಂದುಗಡೆ ಸುತ್ತು ಹಾಕಿ, ಕತ್ತಿಗೆ ಅಂಟಿಕೊಂಡೇ ಮೇಲೇರಿ, ಗುಂಡಿನ ಅಂಚಿನಲ್ಲಿರುವ ಕೆಲವೇ ರಂಧ್ರಗಳಲ್ಲಿ ಒಳಹೊಗುತ್ತದೆ. ಬಟ್ಟಲಿನ ತಳದಿಂದ ಗುಂಡಿಗೆ ಕಟ್ಟಿದ ತಂತುವಿನೊಳಗೆ ಇನ್ನೊಂದು ಪುಟ್ಟ ನಾಳವಿದೆ. ಆದರೆ ದೊಡ್ಡವರಲ್ಲಿ ಅದರ ಪಾಲು ತೀರಾ ಕಡಿಮೆ. ಒಟ್ಟಿನಲ್ಲಿ ನಮ್ಮ ದೇಹದ ಅತಿ ದೊಡ್ಡ ಮೂಳೆಯ, ಅತಿ ಹೆಚ್ಚು ಭಾರ ಹೊರುವ ತುದಿ ನಿಂತಿರುವುದು ಒಂದೇ ದಾರಿಯ ಮೇಲೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲೆಲ್ಲೋ ನೀರು ನಿಂತರೆ ಒಣಗುವುದು ಕೊನೆಯ ಗದ್ದೆ.

ಈ ದಾರಿಯ ನಕ್ಷೆಯನ್ನು ಸ್ಪಷ್ಟವಾಗಿ ಬರೆದುಕೊಟ್ಟವರಲ್ಲಿ ದೊಡ್ಡ ಹೆಸರು ಜೋಸೆಪ್ ತ್ರುಯೆತಾ. ಬಾರ್ಸಿಲೋನಾದ ಶಸ್ತ್ರವೈದ್ಯ. ಸ್ಪೇನಿನ ಅಂತರ್ಯುದ್ಧದಲ್ಲಿ ಬಾಂಬು ಬಿದ್ದು ಕೈಕಾಲು ನುಚ್ಚುನೂರಾದವರನ್ನು ಉಳಿಸಿದ ಮನುಷ್ಯ. 1939ರಲ್ಲಿ ನಾಡು ಬಿಟ್ಟು ಇಂಗ್ಲೆಂಡಿಗೆ ಬಂದು, ಮುಂದೆ ಆಕ್ಸ್‌ಫರ್ಡ್‌ನಲ್ಲಿ ಮೂಳೆ ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರಾದರು. 1953ರಲ್ಲಿ ಹ್ಯಾರಿಸನ್ ಜೊತೆ ಸೇರಿ ವಯಸ್ಕರ ತೊಡೆಗುಂಡಿನ ರಕ್ತನಾಳಗಳನ್ನು ವಿವರಿಸಿದರು. 1957ರಲ್ಲಿ ಬೆಳೆಯುವ ಮಕ್ಕಳ ಸರದಿ. ಅಲ್ಲಿ ಸಿಕ್ಕಿದ್ದೇ ಬೇರೆ! ಸುಮಾರು ನಾಲ್ಕರಿಂದ ಏಳು ವರ್ಷದ ನಡುವೆ ಮಗುವಿನ ತೊಡೆಗುಂಡಿಗೆ ಹೆಚ್ಚುಕಡಿಮೆ ಒಂದೇ ಗುಂಪಿನ ನಾಳಗಳು ರಕ್ತ ಕೊಡುತ್ತವೆ. ಬೆಳವಣಿಗೆಯ ಪಟ್ಟಿ ಅಡ್ಡ ಇರುವುದರಿಂದ ಕೆಳಗಿನಿಂದ ಬರುವಂತಿಲ್ಲ, ತಂತುವಿನ ನಾಳ ಇನ್ನೂ ಕೂಡಿಕೊಂಡಿರುವುದಿಲ್ಲ. ಆಟವಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಕುಂಟತೊಡಗುವ ಪರ್ಥಿಸ್ ಕಾಯಿಲೆ ಹೆಚ್ಚಾಗಿ ಶುರುವಾಗುವುದು ಸರಿಯಾಗಿ ಆ ವಯಸ್ಸಿನಲ್ಲೇ. ಅದನ್ನು ಮುಂದೆ ನೋಡೋಣ.

ನಕ್ಷೆ ಕೈಗೆ ಬಂದರೆ ಏನೆಲ್ಲ ಆಗುತ್ತದೆ ನೋಡಿ. ಸೊಂಟದ ಗುಂಡನ್ನು ಬಟ್ಟಲಿನಿಂದ ಹೊರಗೆಳೆದರೆ ಅದು ಸತ್ತೇ ಹೋಗುತ್ತದೆ ಎಂಬ ಹೆದರಿಕೆ ಶಸ್ತ್ರವೈದ್ಯರಿಗಿತ್ತು. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ರೈನ್‌ಹೋಲ್ಡ್ ಗಾಂಜ್ ಮತ್ತು ಸಂಗಡಿಗರು ಆ ಒಂದು ಅಪಧಮನಿ ಯಾವ ಸ್ನಾಯುವಿನ ಮರೆಯಲ್ಲಿ ಹಾದುಹೋಗುತ್ತದೆ, ಯಾವುದನ್ನು ಮುಟ್ಟದಿದ್ದರೆ ಅದು ಸುರಕ್ಷಿತ ಎಂದು ಗೆರೆಗೆರೆಯಾಗಿ ಹುಡುಕಿದರು. 2001ರಲ್ಲಿ ಅವರು ವರದಿ ಮಾಡಿದಾಗ 213 ಸೊಂಟಗಳನ್ನು ಪೂರ್ತಿ ಹೊರತೆಗೆದು, ಕೆಲಸ ಮುಗಿಸಿ, ಮತ್ತೆ ಕೂರಿಸಿದ್ದರು. ಒಂದೇ ಒಂದು ಗುಂಡೂ ರಕ್ತವಿಲ್ಲದೆ ಸತ್ತಿರಲಿಲ್ಲ!

ರಕ್ತ ನಿಲ್ಲುವುದು ಹೇಗೆ? ಕತ್ತು ಮುರಿದರೆ ಅದಕ್ಕೆ ಅಂಟಿಕೊಂಡ ನಾಳಗಳೂ ಹರಿಯುತ್ತವೆ. ಅಪಘಾತದಲ್ಲಿ ಗುಂಡು ಬಟ್ಟಲಿನಿಂದ ಜಾರಿದರೆ ನಾಳಗಳು ಎಳೆದು ಹಿಸುಕಿಹೋಗುತ್ತವೆ. ಅದಕ್ಕೇ ಜಾರಿದ ಸೊಂಟವನ್ನು ಆರು ಗಂಟೆಯೊಳಗೆ ಕೂರಿಸಬೇಕೆಂದು ಡಾಕ್ಟರುಗಳು ಅವಸರ ಮಾಡುವುದು. ಇವು ಅರ್ಥವಾಗುವ ಕಾರಣಗಳು. ಆದರೆ ಬಿದ್ದಿಲ್ಲ, ಮುರಿದಿಲ್ಲ, ಆದರೂ ಮೂಳೆ ಸತ್ತಿದೆ. ಅದು ಹೇಗೆ?

ಆರಂಭದ ಸುಳಿವುಗಳಲ್ಲೊಂದು ಸಿಕ್ಕಿದ್ದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ, ಎಲ್ಬೆ ನದಿಯ ತಳದಲ್ಲಿ. 1907ರಿಂದ 1911ರವರೆಗೆ ಅಲ್ಲಿ ಸುರಂಗ ಕೊರೆದರು. ನದಿಯ ನೀರು ಒಳಗೆ ನುಗ್ಗದಿರಲಿ ಎಂದು ಒಳಗಿನ ಗಾಳಿಯ ಒತ್ತಡವನ್ನು ಏರಿಸಿಟ್ಟಿದ್ದರು. ಆ ಒತ್ತಡದಲ್ಲಿ ಕೂಲಿಕಾರರ ರಕ್ತ, ಕೊಬ್ಬುಗಳಲ್ಲಿ ನೈಟ್ರೋಜನ್ ಕರಗಿ ಸೇರುತ್ತಿತ್ತು. ಹೊರಬರುವಾಗ ಒತ್ತಡ ಸರಸರನೆ ಇಳಿದರೆ ಅದೇ ಅನಿಲ ಗುಳ್ಳೆಗಳಾಗಿ ಏಳುತ್ತಿತ್ತು. ಕೀಲುನೋವಿನಿಂದ ಅವರು ಮುದುರಿಕೊಳ್ಳುತ್ತಿದ್ದರು. ಅಲ್ಲಿನ ವೈದ್ಯರಾದ ಬೋರ್ನ್‌ಸ್ಟೈನ್ ಮತ್ತು ಪ್ಲಾಟೆ ಅಂಥವರಲ್ಲಿ ಕೆಲವರ ಎಕ್ಸ್‌ರೇ ತೆಗೆದಾಗ ಕೀಲಿನ ಮೂಳೆಯೇ ಹಾಳಾಗಿರುವುದು ಕಂಡಿತು. ಆ ಸುರಂಗ ಈಗಲೂ ಇದೆ, ಜನ ಅದರಲ್ಲಿ ಓಡಾಡುತ್ತಾರೆ. ಸಮುದ್ರದಾಳಕ್ಕಿಳಿದು ದುಡಿಯುವ ಡೈವರ್‌ಗಳಲ್ಲೂ ಇದೇ ಕಾಯಿಲೆ ಮುಂದೆ ಕಂಡುಬಂತು. ತೊಡೆಗುಂಡು, ಭುಜದ ಗುಂಡು ಎರಡಕ್ಕೂ.

ಇಲ್ಲಿಂದ ಕಥೆ ಎಲ್ಲಿಗೆ ಹಾರುತ್ತದೆ ಎಂದು ಯಾರಿಗೂ ಊಹಿಸಲು ಸಾಧ್ಯವಿರಲಿಲ್ಲ. ಬ್ರೂಸ್ ರಾತ್‌ಚೈಲ್ಡ್ ಕೀಲುರೋಗಗಳ ವೈದ್ಯ. ಲ್ಯಾರಿ ಮಾರ್ಟಿನ್ ಪಳೆಯುಳಿಕೆಗಳ ವಿಜ್ಞಾನಿ. ಇಬ್ಬರೂ ಸೇರಿ ಮೊಸಸಾರ್‌ಗಳ ಬೆನ್ನುಮೂಳೆಯ ಒಳಗಿಣುಕಿದರು. ಮೊಸಸಾರ್ ಎಂದರೆ ಡೈನೋಸಾರ್‌ಗಳ ಕಾಲದ ಕಡಲಲ್ಲಿ ಈಜುತ್ತಿದ್ದ ದೈತ್ಯ ಸರೀಸೃಪ, ಇಂದಿನ ಉಡಗಳ ದೂರದ ನೆಂಟ. ಆ ಮೂಳೆಗಳೊಳಗೆ ಸತ್ತ ಭಾಗಗಳ ಗುರುತು ಅಚ್ಚಳಿಯದೆ ಉಳಿದಿತ್ತು! 1987ರಲ್ಲಿ ಅವರು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದದ್ದನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. ಮೊಸಸಾರ್‌ಗಳಲ್ಲಿ ಪ್ಲಾಟಿಕಾರ್ಪಸ್, ಟೈಲೋಸಾರಸ್ ಎಂಬ ಎರಡು ಕುಲಗಳಲ್ಲಿ ಈ ಕಾಯಿಲೆ ತಪ್ಪದೆ ಇತ್ತು. ಕ್ಲೈಡಾಸ್ಟಿಸ್ ಎಂಬ ಮೂರನೆಯದರಲ್ಲಿ ಒಂದಕ್ಕೂ ಇರಲಿಲ್ಲ. ಮೊದಲೆರಡು ಆಳಕ್ಕೆ ಮುಳುಗಿ ಬೇಟೆಯಾಡುತ್ತಿದ್ದವು, ಮೂರನೆಯದು ಮೇಲ್ನೀರಿನಲ್ಲಿ ಇರುತ್ತಿತ್ತು ಎಂದು ಅವರು ತರ್ಕಿಸಿದರು. ಯೋಚಿಸಿ. ಎಂಟು ಕೋಟಿ ವರ್ಷಗಳ ಹಿಂದೆ ಒಂದು ಪ್ರಾಣಿ ಎಷ್ಟು ಆಳಕ್ಕೆ ಇಳಿಯುತ್ತಿತ್ತು ಎಂಬುದನ್ನು ಅದರ ಮೂಳೆಯಲ್ಲಿ ನಿಂತುಹೋದ ರಕ್ತ ಹೇಳುತ್ತಿದೆ.

ಹಾಗಾದರೆ ತಿಮಿಂಗಿಲ? ಅದಕ್ಕೆ ಏನೂ ಆಗುವುದಿಲ್ಲ, ಅದು ಆಳಕ್ಕಿಳಿಯಲೆಂದೇ ಹುಟ್ಟಿದ್ದು ಎಂದು ನಂಬಲಾಗಿತ್ತು. 2004ರಲ್ಲಿ ಅಮೆರಿಕದ ವುಡ್ಸ್ ಹೋಲ್ ಸಂಸ್ಥೆಯ ಮೈಕೆಲ್ ಮೂರ್ ಮತ್ತು ಗ್ರೆಗ್ ಅರ್ಲಿ, ಒಂದು ಶತಮಾನಕ್ಕೂ ಹೆಚ್ಚು ಕಾಲದಲ್ಲಿ ಸಂಗ್ರಹವಾಗಿದ್ದ ಸ್ಪರ್ಮ್ ತಿಮಿಂಗಿಲಗಳ ಅಸ್ಥಿಪಂಜರಗಳನ್ನು ಪರೀಕ್ಷಿಸಿದರು. ಮರಿಗಳ ಮೂಳೆ ನುಣುಪಾಗಿತ್ತು. ವಯಸ್ಸು ಏರಿದಂತೆ ಹಳ್ಳಗಳು, ಸವೆತ, ಸತ್ತ ಭಾಗಗಳು ಹೆಚ್ಚುತ್ತ ಹೋಗಿದ್ದವು. ಸಾಗರದ ಆಳವನ್ನೇ ಮನೆ ಮಾಡಿಕೊಂಡ ಪ್ರಾಣಿಯೂ ಪ್ರತಿ ಮುಳುಗಿಗೆ ತನ್ನ ಮೂಳೆಯಿಂದ ಸುಂಕ ತೆರುತ್ತದೆ!

ಮನುಷ್ಯರಲ್ಲಿ ಇಂದು ಹೆಚ್ಚು ಕಾಣುವ ಕಾರಣಗಳು ಬೇರೆ: ಸ್ಟೀರಾಯ್ಡ್ ಔಷಧ, ಅತಿಯಾದ ಮದ್ಯ. ಇವೆರಡೂ ಮಜ್ಜೆಯ ಕೊಬ್ಬನ್ನು, ರಕ್ತದ ಹರಿವನ್ನು ಕೆಡಿಸುತ್ತವೆ. ಮೂಳೆಯ ಗೋಡೆ ಹಿಗ್ಗುವಂಥದ್ದಲ್ಲ. ಆದ್ದರಿಂದ ಒಳಗೆ ಕೊಬ್ಬುಕೋಶಗಳು ಊದಿದರೆ ಅವು ಒತ್ತುವುದು ಪಕ್ಕದ ರಕ್ತನಾಳಗಳನ್ನೇ. ಕುಡುಗೋಲು ಕಣ ರಕ್ತಹೀನತೆ ಇನ್ನೊಂದು ಕಾರಣ. ಅದರಲ್ಲಿ ಕೆಂಪು ರಕ್ತಕಣಗಳು ಬಾಗಿ ಬಿರುಸಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದು 1952ರಲ್ಲಿ, ನಮ್ಮ ಗಡಿಗೆ ಅಂಟಿಕೊಂಡ ನೀಲಗಿರಿಯ ಬುಡಕಟ್ಟು ಜನರಲ್ಲಿ. ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಹಾಡಿಗಳಲ್ಲೂ ಈ ಕಾಯಿಲೆ ಇದೆ. ಅಲ್ಲಿ ಕುಂಟುತ್ತಿರುವ ಹುಡುಗನ ಸೊಂಟವನ್ನು ಯಾರಾದರೂ ನೋಡಿದ್ದಾರೆಯೇ ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ಕೋವಿಡ್ ಬಂದಾಗ ಸ್ಟೀರಾಯ್ಡ್ ಲಕ್ಷಾಂತರ ಜೀವ ಉಳಿಸಿತು. ಆದರೆ 2021ರಲ್ಲಿ ಮುಂಬಯಿಯ ಹಿಂದೂಜಾ ಆಸ್ಪತ್ರೆಯ ವೈದ್ಯರು, ಕೋವಿಡ್‌ನಿಂದ ಗುಣವಾದ, ನಲವತ್ತು ದಾಟದ ಮೂವರ ತೊಡೆಗುಂಡು ಸತ್ತಿರುವುದನ್ನು ವರದಿ ಮಾಡಿದರು. ಕೋವಿಡ್ ಗೊತ್ತಾದ ಮೇಲೆ ಸರಾಸರಿ 58 ದಿನಕ್ಕೇ ಇದು ಕಾಣಿಸಿತ್ತು. 2003ರ ಸಾರ್ಸ್ ಹಾವಳಿಯಲ್ಲಿ ಬದುಕುಳಿದವರಲ್ಲೂ ಚೀನಾ, ಹಾಂಗ್‌ಕಾಂಗ್‌ನ ವೈದ್ಯರು ಇದನ್ನೇ ಕಂಡಿದ್ದರು. ಹಾಗೆಂದು ಬರೆದುಕೊಟ್ಟ ಸ್ಟೀರಾಯ್ಡನ್ನು ಯಾರೂ ತಾವಾಗಿಯೇ ನಿಲ್ಲಿಸಬಾರದು. ಏಕಾಏಕಿ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು ಬರಬಹುದು.

ರಕ್ತ ನಿಂತಿತು. ಒಳಗೆ ಏನಾಗುತ್ತದೆ? ಆರರಿಂದ ಹನ್ನೆರಡು ಗಂಟೆಯೊಳಗೆ ಮಜ್ಜೆಯಲ್ಲಿ ರಕ್ತ ತಯಾರಿಸುವ ಕೋಶಗಳು ಸಾಯುತ್ತವೆ. ಹನ್ನೆರಡರಿಂದ ನಲವತ್ತೆಂಟು ಗಂಟೆಯಲ್ಲಿ ಆಸ್ಟಿಯೋಸೈಟ್‌ಗಳು. ಎರಡರಿಂದ ಐದು ದಿನಗಳಲ್ಲಿ ಕೊಬ್ಬಿನ ಕೋಶಗಳು. ಗೂಡುಗಳು ಖಾಲಿ. ಆದರೆ ಮೇಲಿನ ಮೃದ್ವಸ್ಥಿ ಹೊದಿಕೆಗೆ ಏನೂ ಆಗಿಲ್ಲ! ಅದು ರಕ್ತವನ್ನು ನೆಚ್ಚಿಲ್ಲ, ಕೀಲಿನೊಳಗಿನ ಲೋಳೆಯಿಂದ ಪೋಷಣೆ ಹೀರುತ್ತದೆ. ಸತ್ತ ನೆಲದ ಮೇಲೆ ಜೀವಂತ ಹೊದಿಕೆ. ಮೂಳೆಗೆ ಬಲ ಕೊಡುವುದು ಕ್ಯಾಲ್ಸಿಯಂ ಮತ್ತು ಕೊಲಾಜನ್, ಕೋಶಗಳಲ್ಲ. ಅವೆರಡೂ ಇದ್ದಲ್ಲೇ ಇರುವುದರಿಂದ ಎಕ್ಸ್‌ರೇಗೆ ವ್ಯತ್ಯಾಸ ತಿಳಿಯುವುದಿಲ್ಲ, ಭಾರ ಹೊರುವುದೂ ನಿಲ್ಲುವುದಿಲ್ಲ.

ಆಮೇಲೆ ಸುತ್ತಲಿನ ಜೀವಂತ ಮೂಳೆಯಿಂದ ಹೊಸ ರಕ್ತನಾಳಗಳು ಗಡಿ ದಾಟಿ ಬರುತ್ತವೆ. ಅವುಗಳ ಜೊತೆ ಹಳೆಯದನ್ನು ಕೊರೆದು ತೆಗೆಯುವ ಕೋಶಗಳು ಬರುತ್ತವೆ, ಅವುಗಳ ಹಿಂದೆ ಹೊಸದನ್ನು ಕಟ್ಟುವ ಕೋಶಗಳು. ಷಿಕಾಗೋದ ಶಸ್ತ್ರವೈದ್ಯ ಡಲ್ಲಾಸ್ ಫೆಮಿಸ್ಟರ್ 1930ರ ಹೊತ್ತಿಗೆ ಈ ತೆವಳುವ ಮರುನಿರ್ಮಾಣವನ್ನು ವಿವರಿಸಿದ್ದರು. ಸತ್ತ ಮೂಳೆ ಎಕ್ಸ್‌ರೇಯಲ್ಲಿ ಕೆಲವೊಮ್ಮೆ ಅಚ್ಚ ಬಿಳಿಯಾಗಿ ಹೊಳೆಯುವುದೇಕೆ ಎಂಬ ಒಗಟಿಗೂ ಉತ್ತರ ಸಿಕ್ಕಿತ್ತು. ನೋವಿನಿಂದ ಕಾಲಿಗೆ ವಿಶ್ರಾಂತಿ ಕೊಟ್ಟಾಗ ಸುತ್ತಲಿನ ಜೀವಂತ ಮೂಳೆ ತೆಳ್ಳಗಾಗುತ್ತದೆ. ಸತ್ತ ಭಾಗದಿಂದ ಕ್ಯಾಲ್ಸಿಯಂ ಹೊತ್ತೊಯ್ಯಲು ರಕ್ತವೇ ಇಲ್ಲ. ಅದು ಹಾಗೇ ಉಳಿದು ಬೆಳ್ಳಗೆ ಕಾಣುತ್ತದೆ.

ಅನಾಹುತ ಆಗುವುದು ಈ ಮರುನಿರ್ಮಾಣದ ನಡುವೆ. ತೆಗೆಯುವ ಕೆಲಸ ಬೇಗ, ಕಟ್ಟುವ ಕೆಲಸ ನಿಧಾನ. ಮೃದ್ವಸ್ಥಿಯ ಕೆಳಗಿನ ದಟ್ಟ ಪದರದಲ್ಲಿ ಹಳೆಯದು ಹೋಗಿ ಹೊಸದು ಇನ್ನೂ ಬಾರದ ಗಳಿಗೆಯೊಂದಿರುತ್ತದೆ. ಅಷ್ಟರಲ್ಲಿ ಸತ್ತ ಭಾಗದೊಳಗೆ, ದಿನನಿತ್ಯದ ನಡಿಗೆಯಿಂದಾದ ಸೂಕ್ಷ್ಮ ಬಿರುಕುಗಳನ್ನು ಸರಿಪಡಿಸುವವರಿಲ್ಲದೆ ಅವೂ ಕೂಡಿಕೊಂಡಿರುತ್ತವೆ. ಒಂದು ದಿನ ಹೊದಿಕೆಯ ಕೆಳಗೆ ಮೂಳೆ ಸೀಳುತ್ತದೆ. ಎಕ್ಸ್‌ರೇಯಲ್ಲಿ ಬಿದಿಗೆ ಚಂದ್ರನಾಕಾರದ ಕಪ್ಪು ಗೆರೆ ಕಾಣುತ್ತದೆ. ಗುಂಡು ಚಪ್ಪಟೆಯಾಗತೊಡಗಿತು ಎಂದೇ ಲೆಕ್ಕ.

ಇದೇ ಕಾಯಿಲೆ ಮಕ್ಕಳಿಗೆ ಬಂದಾಗ ಕಥೆಯ ದಿಕ್ಕೇ ಬದಲಾಗುತ್ತದೆ. 1910ರಲ್ಲಿ ಬಾಸ್ಟನ್‌ನ ಲೆಗ್, ಫ್ರಾನ್ಸಿನ ಕಾಲ್ವೆ, ಜರ್ಮನಿಯ ಪರ್ಥಿಸ್ ಒಬ್ಬರಿಗೊಬ್ಬರು ತಿಳಿಯದೆ ಒಂದೇ ಕಾಯಿಲೆಯನ್ನು ವಿವರಿಸಿದರು. ಹಿಂದಿನ ವರ್ಷ ಸ್ವೀಡನ್ನಿನ ವಾಲ್ಡೆನ್‌ಸ್ಟ್ರೋಮ್ ಅದನ್ನೇ ಕಂಡು ಕ್ಷಯ ಎಂದುಕೊಂಡಿದ್ದರು. ಹುಡುಗರಲ್ಲಿ ಹುಡುಗಿಯರಿಗಿಂತ ನಾಲ್ಕೈದು ಪಟ್ಟು ಹೆಚ್ಚು. ಕಾರಣ ಇಂದಿಗೂ ಬಗೆಹರಿದಿಲ್ಲ. ಆದರೆ ಮಗುವಿನ ಸತ್ತ ಗುಂಡು ಮೂರ್ನಾಲ್ಕು ವರ್ಷಗಳಲ್ಲಿ ತಾನಾಗಿಯೇ ಪೂರ್ತಿ ಹೊಸದಾಗಿ ಬೆಳೆಯುತ್ತದೆ! ದೊಡ್ಡವರನ್ನು ಕೆಡವುವ ಅದೇ ದುರಸ್ತಿ ಮಕ್ಕಳಲ್ಲಿ ಗೆಲ್ಲುತ್ತದೆ. ಹೊಸ ಗುಂಡು ದುಂಡಗಿರುತ್ತದೋ, ಚಪ್ಪಟೆಯಾಗಿರುತ್ತದೋ ಎಂಬುದಷ್ಟೇ ಪ್ರಶ್ನೆ.

ಅದಕ್ಕೆ ಉತ್ತರ ಹುಡುಕಿದವರಲ್ಲಿ ಜಗತ್ತೇ ತಿರುಗಿ ನೋಡಿದ್ದು ನಮ್ಮ ಮಣಿಪಾಲದ ಕಡೆಗೆ. ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಡಾ. ಬೆಂಜಮಿನ್ ಜೋಸೆಫ್ ಮತ್ತು ಸಂಗಡಿಗರು 1988ರಲ್ಲೇ ದಕ್ಷಿಣ ಭಾರತದ ಪಶ್ಚಿಮ ಕರಾವಳಿಯ ಬಯಲಿನಲ್ಲಿ ಈ ಕಾಯಿಲೆ ಒಳನಾಡಿಗಿಂತ ಹೆಚ್ಚು ಎಂದು ತೋರಿಸಿದ್ದರು. 2003ರಲ್ಲಿ 610 ಮಕ್ಕಳ ಎಕ್ಸ್‌ರೇಗಳನ್ನು ಹಂತಹಂತವಾಗಿ ಓದಿ, ಗುಂಡು ಯಾವ ಹಂತದಲ್ಲಿ ಆಕಾರ ಕೆಡುತ್ತದೆ, ಯಾವ ಹಂತ ದಾಟುವ ಮೊದಲು ಚಿಕಿತ್ಸೆ ಮಾಡಬೇಕು ಎಂದು ಬಿಡಿಸಿಟ್ಟರು. ಮೆತ್ತಗಾದ ಗುಂಡನ್ನು ಬಟ್ಟಲಿನೊಳಗೇ ಪೂರ್ತಿ ಕೂರಿಸಿಟ್ಟರೆ ಬಟ್ಟಲೇ ಅದಕ್ಕೆ ಆಕಾರ ಕೊಡುತ್ತದೆ. ತಡವಾದರೆ ಕೊಡುವುದಿಲ್ಲ. ಇಂದು ಬೇರೆ ದೇಶಗಳ ಮಕ್ಕಳ ಮೂಳೆತಜ್ಞರೂ ಬಳಸುವ ಹಂತಗಳ ಪಟ್ಟಿ ಈಗಿನ ರೂಪ ಪಡೆದದ್ದು ನಮ್ಮ ಉಡುಪಿ ಜಿಲ್ಲೆಯಲ್ಲಿ. ಇದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳಬೇಡವೇ?

ದೊಡ್ಡವರಿಗೆ ಆಸೆಯೇ ಇಲ್ಲವೆಂದಲ್ಲ. 1960ರ ದಶಕದಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲಿ ಫಿಕಾ ಮತ್ತು ಆರ್ಲೆ ಎಂಬ ವೈದ್ಯರು ಗುಂಡಿನೊಳಗಿನ ಒತ್ತಡ ಅಳೆಯಲು, ಪರೀಕ್ಷೆಗೆ ಚೂರು ತೆಗೆಯಲು ಮೂಳೆಗೆ ರಂಧ್ರ ಕೊರೆದರು. ರೋಗಿಗಳು ನೋವೇ ಇಳಿಯಿತು ಎಂದರು! ಅಂದಿನ ಆ ರಂಧ್ರವೇ ಇಂದಿಗೂ ಮಾಡುವ ಚಿಕಿತ್ಸೆ. ಕೆಲವರಿಗೆ ಆ ರಂಧ್ರದ ಮೂಲಕ ಅವರದೇ ಮಜ್ಜೆಯ ಕೋಶಗಳನ್ನು ತುಂಬುತ್ತಾರೆ. ಜಪಾನಿನ ಫುಕುವೋಕಾದ ಸುಗಿಯೋಕಾ 1970ರ ದಶಕದಲ್ಲಿ ಮಾಡಿದ್ದು ಇನ್ನೂ ಸೋಜಿಗ. ರಕ್ತನಾಳ ಹರಿಯದಂತೆ ಗುಂಡನ್ನೇ ಕತ್ತಿನ ಸಮೇತ ತಿರುಗಿಸಿ, ಸತ್ತ ಭಾಗವನ್ನು ಭಾರದಿಂದ ಆಚೆ ಸರಿಸಿ, ಬದುಕಿರುವ ಭಾಗವನ್ನು ಭಾರಕ್ಕೆ ಒಡ್ಡಿದರು. ಇವೆಲ್ಲ ನಡೆಯುವುದು ಗುಂಡು ಕುಸಿಯುವ ಮೊದಲು. ಕುಸಿದು ಕೀಲು ಸವೆದ ಮೇಲೆ ಉಳಿಯುವುದು ಕೀಲು ಬದಲಾವಣೆ. ಭಾರತದಲ್ಲಿ ಸೊಂಟದ ಕೀಲು ಬದಲಾಯಿಸಿಕೊಳ್ಳುವವರಲ್ಲಿ ಹೀಗೆ ರಕ್ತವಿಲ್ಲದೆ ಗುಂಡು ಸತ್ತವರದೇ ಅತಿ ದೊಡ್ಡ ಗುಂಪು. ಅವರಲ್ಲಿ ಎಷ್ಟೋ ಜನ ಇನ್ನೂ ದುಡಿಯುವ ವಯಸ್ಸಿನವರು.

ಆದ್ದರಿಂದ ಓದುಗರಲ್ಲಿ ಒಂದು ಮಾತು. ತೊಡೆಸಂದಿಯಲ್ಲಿ ನೋವು ವಾರಗಟ್ಟಲೆ ಉಳಿದಿದೆಯೇ? ಚಕ್ಕಳಮಕ್ಕಳ ಹಾಕಿ ಕೂರಲು, ಕುಕ್ಕರಗಾಲಲ್ಲಿ ಕೂರಲು ಒಂದು ಕಾಲು ಒಪ್ಪುತ್ತಿಲ್ಲವೇ? ಹಿಂದೆ ಸ್ಟೀರಾಯ್ಡ್ ತೆಗೆದುಕೊಂಡಿದ್ದರೆ, ಕುಡಿತವಿದ್ದರೆ, ಸೊಂಟಕ್ಕೆ ಪೆಟ್ಟು ಬಿದ್ದಿದ್ದರೆ ಮೂಳೆ ಡಾಕ್ಟರಿಗೆ ಅದನ್ನು ಮುಚ್ಚಿಡದೆ ಹೇಳಿ. ಎಕ್ಸ್‌ರೇ ಸರಿಯಾಗಿದೆ ಎಂದರೂ ಎಂಆರ್‌ಐ ಬೇಕೇ ಎಂದು ಕೇಳಿ. ಸತ್ತ ಮೂಳೆಯನ್ನು ಕುಸಿಯುವ ಮುನ್ನವೇ ತೋರಿಸಬಲ್ಲದ್ದು ಅದು. ಒಂದು ಕಡೆ ನೋವಿದ್ದರೂ ಎರಡೂ ಸೊಂಟವನ್ನು ನೋಡಿಸಿ, ಸ್ಟೀರಾಯ್ಡ್‌ನಿಂದ ಬಂದದ್ದಾದರೆ ಇನ್ನೊಂದು ಬದಿಯೂ ಸತ್ತಿರುವುದು ತೀರಾ ಸಾಮಾನ್ಯ. ಇನ್ನು ಮಗು ಕುಂಟುತ್ತ ಮೊಣಕಾಲು ನೋವು ಎನ್ನುತ್ತಿದ್ದರೆ, ಮೊಣಕಾಲಿನಲ್ಲಿ ಏನೂ ಸಿಗದಿದ್ದರೆ, ಸೊಂಟವನ್ನು ಪರೀಕ್ಷಿಸದೆ ಮನೆಗೆ ಬರಬೇಡಿ. ಸೊಂಟದ ಕೀಲಿಗೂ ಮೊಣಕಾಲಿಗೂ ಒಂದೇ ನರದ ಕವಲುಗಳು ಹೋಗುತ್ತವೆ. ಸೊಂಟದ ನೋವು ಮಗುವಿಗೆ ಮೊಣಕಾಲಿನಲ್ಲಿ ಕೇಳಿಸುತ್ತದೆ.